ಹಳದಿ ಹಗ್ಗ

ಕೊಟ್ಟಾರ

ಸ್ನೇಹಲತಕ್ಕನಿಗೆ ಯತೀಶನ ನಮಸ್ಕಾರ.

ನಿಮ್ಮ ಟೆರೇಸಿಗೆ ಶೀಟು ಹಾಕುವವ ನಾನು. ಎದುರು ನಿಂತು ಹೇಳಲು ನಾಚಿಕೆ, ಅದಕ್ಕೆ ಬರೆಯುತ್ತಿದ್ದೇನೆ.

ಕೆಲಸ ಮಾಡುವಾಗ ಜಾರಿದರೆ ನನ್ನನ್ನು ಹಿಡಿದುಕೊಳ್ಳಲೆಂದು ಹಳದಿ ಹಗ್ಗವನ್ನು ನಾನು ಕಾಂಕ್ರೀಟ್ ಕಂಬಕ್ಕೆ ಬಿಗಿದಿದ್ದೆ. ನೀವು ಬಟ್ಟೆ ಒಣಗಿಸಲು ಅದನ್ನು ಬಿಚ್ಚಿ ನೀರಿನ ಪೈಪಿಗೆ ಕಟ್ಟಿದ್ದಿರಿ. ನಾನೂ ನೋಡದೆ ನನ್ನ ಬೆಲ್ಟಿನ ಕೊಕ್ಕೆಯನ್ನು ಅದಕ್ಕೇ ಸಿಕ್ಕಿಸಿದೆ. ನಿನ್ನೆ ಕಾಲು ಜಾರಿದಾಗ ಪೈಪು ಬಗ್ಗಿತು. ಶೀಟಿನ ಅಂಚು ಕೈಗೆ ಸಿಕ್ಕಿದ್ದರಿಂದ ಉಳಿದೆ.

"ಎಂತ ಮಾರಾಯ, ಪೈಪ್ ಹಾಳು ಮಾಡಿದ್ದಾ?" ಎಂದು ನೀವು ಕೆಳಗಿನಿಂದ ಕೇಳಿದಿರಿ. ನಾನು ಶೀಟಿನ ಮೇಲೆ ತೆವಳಿಕೊಂಡು ಟೆರೇಸಿಗೆ ಇಳಿದೆ.

ಪೈಪು ಸರಿ ಮಾಡಿದ್ದೇನೆ. ನಿಮ್ಮ ಬಟ್ಟೆಗೆಂದು ಬೇರೆ ನೀಲಿ ಹಗ್ಗ ಕಟ್ಟಿದ್ದೇನೆ. ಹಳದಿಯದನ್ನು ದಯವಿಟ್ಟು ಮುಟ್ಟಬೇಡಿ ಅಕ್ಕ. ಅದರ ತುದಿಯಲ್ಲಿ ನಾನಿರುತ್ತೇನೆ.

ನಾಳೆಯೂ ಮೇಲೆ ಹತ್ತಬೇಕಾದ,
ಯತೀಶ