ಗೋಡೆಯಾಚೆಯ ಟಕ್ ಟಕ್

3, ಸೋಮವಾರ

ಬ್ಯಾಗು ಮೊಳೆಗೆ, ನೀರಿನ ಬಾಟಲಿ ಬುಟ್ಟಿಗೆ, ಚಪ್ಪಲಿ ಹೊರಗೆ ಜೋಡಿಯಾಗಿ. ಶಾಲೆ ಶುರುವಾಗಿ ವಾರವಾಯಿತು, ಇವತ್ತೂ ಇದೇ ಪಾಠ. ಎರಡನೇ ಕ್ಲಾಸಿನವರಿಗೆ ಸಾಲು ಕಲಿಸುವುದೆಂದರೆ ಕಪ್ಪೆ ತಕ್ಕಡಿಗೆ ಹಾಕಿದ ಹಾಗೆ. ಒಂದನ್ನು ಕೂರಿಸುವಷ್ಟರಲ್ಲಿ ಇನ್ನೊಂದು ಜಿಗಿದಿರುತ್ತದೆ.

ಹೊಸದಾಗಿ ಕಲಿಸುತ್ತಿರುವುದು: ನಾನು ಕೈ ಎತ್ತಿದರೆ ಎಲ್ಲರೂ ಕೈ ಎತ್ತಿ ಸುಮ್ಮನಾಗಬೇಕು. ಟ್ರೈನಿಂಗಿನಲ್ಲಿ ಹೇಳಿಕೊಟ್ಟದ್ದು. ಅರ್ಧ ಕ್ಲಾಸು ನೋಡುವುದೇ ಇಲ್ಲ.

ಆದರೆ ಇವತ್ತು ಒಂದು ವಿಚಿತ್ರ. ಊಟದ ಬೆಲ್‌ಗೆ ಮುಂಚೆ ಗಲಾಟೆ ಮುಗಿಲು ಮುಟ್ಟಿತ್ತು. ಕೈ ಎತ್ತಬೇಕು ಅಂದುಕೊಂಡೆ, ಇನ್ನೂ ಎತ್ತಿರಲಿಲ್ಲ. ಎಲ್ಲರೂ ಗಪ್‌ಚಿಪ್. ಬೆನ್ನು ನೆಟ್ಟಗೆ, ತುಟಿಯ ಮೇಲೆ ಬೆರಳು. ಬೆರಳಿಡುವುದನ್ನು ನಾನು ಕಲಿಸಿಲ್ಲ.

ಮತ್ತೆ ಯಾರು?

4, ಮಂಗಳವಾರ

ಮತ್ತೆ ಅದೇ. ಪಕ್ಕದವರಿಗೆ ನಿಮ್ಮ ಮನೆಯ ಬಗ್ಗೆ ಹೇಳಿ ಅಂದಿದ್ದೆ. ಚೆನ್ನಾಗಿ ಹರಟುತ್ತಿದ್ದವು. ಇದ್ದಕ್ಕಿದ್ದಂತೆ ಬಾಯಿಗೆ ಬೀಗ. ಅದೇ ಹೊತ್ತಿಗೆ ಹೆಡ್ ಮೇಡಂ ಕಾರಿಡಾರಿನಲ್ಲಿ ಹೋಗಬೇಕೆ! ಒಳಗೆ ಇಣುಕಿದರು.

"ಇಷ್ಟು ತಣ್ಣಗಿದೆಯಲ್ಲಮ್ಮ ಕ್ಲಾಸು. ಮಕ್ಕಳನ್ನ ಹೆದರಿಸಿ ಇಟ್ಟಿದೀಯಾ?"

ಏನು ಹೇಳುವುದು? ನಾನಿನ್ನೂ ಪ್ರೊಬೇಷನ್ನಿನವಳು. ಖಾಯಂ ಮಾಡುವುದೋ ಬಿಡುವುದೋ ಈ ತಿಂಗಳು ನೋಡಿ ಹೇಳುತ್ತಾರೆ. ಹಲ್ಲು ಕಿರಿದೆ.

ಮುಂದಿನ ಬೆಂಚಿನ ವಕೀಲೆಯನ್ನು ಕರೆದು ಕೇಳಿದೆ. ಎಲ್ಲದಕ್ಕೂ ವಾದ ಹೂಡುತ್ತಾಳೆ, ಅದಕ್ಕೇ ಆ ಹೆಸರು ಇಟ್ಟಿದ್ದೇನೆ.

"ಯಾಕೆ ಪುಟ್ಟ ಎಲ್ರೂ ಸುಮ್ಮನಾದ್ರಿ?"

"ಟಕ್ ಟಕ್ ಅಂತು ಮಿಸ್, ಅದಕ್ಕೇ."

"ಯಾರು ಟಕ್ ಟಕ್ ಅಂದಿದ್ದು?"

ನೆಲ ನೋಡಿದಳು. "ಹೇಳಬಾರದು ಮಿಸ್."

ಹೇಳಬಾರದಂತೆ! ಏಳು ವರ್ಷದ ಮಕ್ಕಳಿಗೂ ಗುಟ್ಟು ಕಾಯಲು ಕಲಿಸಿದ್ದಾರೆ ಯಾರೋ.

5, ಬುಧವಾರ

ಗೊತ್ತಾಯಿತು. ಇಡೀ ಬೆಳಿಗ್ಗೆ ಕಿವಿ ನಿಮಿರಿಸಿಕೊಂಡೇ ಪಾಠ ಮಾಡಿದೆ. ಕೇಳಿಸಿತು. ನನ್ನ ಬೋರ್ಡಿನ ಹಿಂದಿನಿಂದ. ಟಕ್ ಟಕ್.

ಎರಡು ಕ್ಲಾಸಿನ ನಡುವೆ ಇರುವುದು ತೆಳು ಹಲಗೆಯ ಅಡ್ಡಗೋಡೆ. ಆ ಕಡೆ ಒಂದನೇ ಕ್ಲಾಸು, ಎಲ್ಲರೂ ದೊಡ್ಡ ಮಿಸ್ ಅನ್ನುವ ಟೀಚರದ್ದು. ಹೋದ ವರ್ಷ ಈ ಮಕ್ಕಳು ಇದ್ದದ್ದು ಅವರ ಹತ್ತಿರವೇ. ಈಗ ಬಿಟ್ಟುಕೊಡಲು ಮನಸ್ಸಿಲ್ಲ. ಅಲ್ಲಿಂದಲೇ ಸೂತ್ರ ಎಳೆಯುತ್ತಿದ್ದಾರೆ.

7, ಶುಕ್ರವಾರ

ಸ್ಟಾಫ್ ರೂಮಿನಲ್ಲಿ ದೊಡ್ಡ ಮಿಸ್ ನನ್ನ ಪಕ್ಕದಲ್ಲೇ ಬಂದು ಕೂತರು. ಫ್ಲಾಸ್ಕಿನಿಂದ ಬಿಸಿನೀರು ಗುಟುಕರಿಸುತ್ತಾ ಕೇಳಿದರು:

"ಹೇಗಿದಾರಮ್ಮ ನನ್ನ ಮಕ್ಕಳು?"

*ನನ್ನ* ಮಕ್ಕಳು! ಅದೂ ಪಿಸುಮಾತಿನಲ್ಲಿ. ಯಾವಾಗಲೂ ಹೀಗೇ, ಗುಟ್ಟು ಹೇಳುವವರ ಹಾಗೆ. ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಈ ಶಾಲೆಗೆ ಬಂದು ಒಂದೇ ವರ್ಷವಂತೆ, ಆಗಲೇ ಎಲ್ಲರ ಬಾಯಲ್ಲೂ ದೊಡ್ಡ ಮಿಸ್. "ಚೆನ್ನಾಗಿದಾರೆ" ಅಂದು ಎದ್ದು ಬಂದೆ.

ಮನೆಯಲ್ಲಿ ಇವರಿಗೆ ಹೇಳಿದರೆ ನಕ್ಕರು. "ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ. ನಮ್ಮಮ್ಮ ಉಪ್ಪು ಕಮ್ಮಿ ಅಂದ್ರೂ ಅದರಲ್ಲಿ ಪಿತೂರಿ ಹುಡುಕೋಳು ನೀನು. ಹೋಗಿ ನೇರವಾಗಿ ಅವರನ್ನೇ ಕೇಳು."

ಕೇಳಿದರೆ ಒಪ್ಪಿಕೊಳ್ಳುತ್ತಾರೆಯೇ? ಕಳ್ಳನನ್ನು ಕದ್ದೆಯಾ ಅಂತ ಯಾರಾದರೂ ಕೇಳುತ್ತಾರೆಯೇ?

12, ಬುಧವಾರ

ಹೆಡ್ ಮೇಡಂ ಇವತ್ತು ನನ್ನ ಪಾಠ ನೋಡಲು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಎಲ್ಲ ತಯಾರಿತ್ತು. ಗುಂಪು ಗುಂಪಾಗಿ ಗುಂಡಿ ಎಣಿಸುವ ಆಟ, ಹತ್ತರ ಗುಡ್ಡೆ ಮಾಡಿ ಜೋರಾಗಿ ಹೇಳುವುದು. ಮಕ್ಕಳು ಖುಷಿಯಾಗಿ ಕೂಗುತ್ತಿದ್ದರು.

ಟಕ್ ಟಕ್.

ಗುಂಡಿ ಕೈಯಲ್ಲೇ, ಬೆರಳು ತುಟಿಗೆ. "ಹೇಳಿ ಮಕ್ಕಳೇ, ಎಷ್ಟಾಯ್ತು?" ಅಂದರೆ ಒಬ್ಬರೂ ಪಿಟಕ್ಕೆನ್ನಲಿಲ್ಲ. ಹೆಡ್ ಮೇಡಂ ಪೆನ್ನು ತೆಗೆದು ಏನೋ ಬರೆದುಕೊಂಡರು. ನನಗೆ ಅಳು ಬಂತು.

ಪಾಠ ಮುಗಿದ ಮೇಲೆ ಅವರ ರೂಮಿಗೇ ಹೋದೆ. ಎಲ್ಲ ಹೇಳಿದೆ. "ಬೇಕಂತಲೇ ಮಾಡ್ತಿದಾರೆ ಮೇಡಂ. ಮಕ್ಕಳಿಗೆ ಹೇಳಬಾರದು ಅಂತ ಬೇರೆ ಕಲಿಸಿದಾರೆ." ಹೇಳಿದ ಮೇಲೆ ಎದೆ ಹಗುರವಾಯಿತು. ವಾರದಿಂದ ಸರಿಯಾಗಿ ಊಟ ಸೇರಿರಲಿಲ್ಲ, ಇವತ್ತು ಸೇರಿತು.

13, ಗುರುವಾರ

ಮಧ್ಯಾಹ್ನ ದೊಡ್ಡ ಮಿಸ್ ನನ್ನ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ.

"ಆ ಕಡೆ ಬೋರ್ಡು ತಟ್ಟಿದ್ರೆ ಈ ಕಡೆ ಕೇಳ್ಸುತ್ತೆ ಅಂತ ಗೊತ್ತಿರ್ಲಿಲ್ಲಮ್ಮ. ನನ್ನಿಂದ ತೊಂದ್ರೆ ಆಯ್ತಂತೆ. ಬೇಜಾರು ಮಾಡ್ಕೋಬೇಡ."

ಮಕ್ಕಳೆಲ್ಲ ಅವರನ್ನೇ ನೋಡುತ್ತಿದ್ದರು. ವಕೀಲೆ ಕೈ ಬೀಸಿದಳು. ಅವರೂ ಬೀಸಿದರು.

ಗೊತ್ತಿರಲಿಲ್ಲವಂತೆ. ನಂಬಬೇಕೋ ಬಿಡಬೇಕೋ...

18, ಮಂಗಳವಾರ

ನಾಲ್ಕು ದಿನ ಬರೆಯಲು ಮನಸ್ಸಾಗಲಿಲ್ಲ.

ಶುಕ್ರವಾರ ಪಕ್ಕದ ಕ್ಲಾಸಿಗೆ ಬೇರೆ ಟೀಚರ್ ಬಂದರು. ಆಕೆಯ ದನಿ ಗೋಡೆ ದಾಟಿ ಬರುವಂಥದ್ದು. ದೊಡ್ಡ ಮಿಸ್ ಎಲ್ಲಿ ಅಂತ ಹೆಡ್ ಮೇಡಂ ಅವರನ್ನು ಕೇಳಿದೆ.

"ಲೈಬ್ರರಿಗೆ ಹಾಕಿದೀನಿ. ಇಲ್ಲಿಗೆ ಸೇರೋಕೆ ಮುಂಚೆ ಅವರಿಗೆ ಗಂಟಲಿನ ಆಪರೇಷನ್ ಆಗಿತ್ತಂತೆ. ದನಿ ಎತ್ತೋಕೇ ಆಗಲ್ಲ. ಅದಕ್ಕೇ ಮಕ್ಕಳು ಗಲಾಟೆ ಮಾಡಿದ್ರೆ ಚಾಕ್‌ಪೀಸಲ್ಲಿ ಬೋರ್ಡು ತಟ್ಟೋದು. ನಾನು ಕರೆದು ಕೇಳಿದ ಮೇಲೆ ಬಾಯಿಬಿಟ್ರು. ದನಿ ಇಲ್ಲದೋರಿಗೆ ಪುಟಾಣಿಗಳ ಕ್ಲಾಸು ಹೇಗಮ್ಮ ಕೊಡ್ಲಿ? ನೀನು ಹೇಳಿದ್ದು ಒಳ್ಳೇದಾಯ್ತು."

ಆಮೇಲೆ ಅಂದರು, "ನಿನ್ನ ಖಾಯಂ ಆರ್ಡರಿಗೆ ಸೈನ್ ಮಾಡಿದೀನಿ."

ಥ್ಯಾಂಕ್ಸ್ ಹೇಳಿದೆ. ಹೇಳಿಬಿಟ್ಟೆ!

ಅವರು ತಟ್ಟುತ್ತಿದ್ದದ್ದು ತಮ್ಮ ಬೋರ್ಡು. ತಮ್ಮ ಮಕ್ಕಳಿಗೆ. ನನ್ನ ಕಡೆಯ ಮಕ್ಕಳು ಹಳೇ ಅಭ್ಯಾಸಕ್ಕೆ ಸುಮ್ಮನಾಗುತ್ತಿದ್ದವು, ಅಷ್ಟೇ. ಸೂತ್ರವೂ ಇಲ್ಲ, ಪಿತೂರಿಯೂ ಇಲ್ಲ. ಇವರಿಗೆ ಇನ್ನೂ ಹೇಳಿಲ್ಲ. ಖಾಯಂ ಆಯಿತು ಅಂತ ಮಾತ್ರ ಹೇಳಿದೆ. ಸ್ವೀಟ್ ತಂದರು. ಪ್ಯಾಕೆಟ್ ಬಿಚ್ಚದೆ ಒಳಗಿಟ್ಟೆ.

20, ಗುರುವಾರ

ನಾನು ಸ್ಟಾಫ್ ರೂಮಿಗೆ ಕಾಲಿಟ್ಟರೆ ಮಾತು ನಿಲ್ಲುತ್ತದೆ. ಈಗ ಎಲ್ಲರ ಅನುಮಾನ ನನ್ನ ಮೇಲೆ. ನಾಳೆ ಇವಳು ಯಾರ ಮೇಲೆ ಹೇಳುತ್ತಾಳೋ ಅಂತ. ತಪ್ಪೇನಿಲ್ಲ. ನನಗೇ ನನ್ನ ಮೇಲೆ ಅನುಮಾನ. ಅವತ್ತು ಹೆಡ್ ಮೇಡಂ ಪೆನ್ನು ತೆಗೆಯದೆ ಹೋಗಿದ್ದರೆ ನಾನು ದೂರು ಹೇಳುತ್ತಿದ್ದೆನೇ?

ಲೈಬ್ರರಿ ಬಾಗಿಲವರೆಗೆ ಹೋದೆ. ಏಣಿ ಹತ್ತಿ ಪುಸ್ತಕದ ದೂಳು ಒರೆಸುತ್ತಿದ್ದರು. ವಾಪಸ್ ಬಂದೆ.

24, ಸೋಮವಾರ

ಇವತ್ತು ಕ್ಲಾಸು ಸಂತೆಯಾಗಿತ್ತು. ಕೈ ಎತ್ತಿದೆ. ಯಾರೂ ನೋಡಲಿಲ್ಲ. ಕೂಗಿದೆ. ಕೇಳಲಿಲ್ಲ. ಕೈಯಲ್ಲಿ ಚಾಕ್‌ಪೀಸ್ ಇತ್ತು. ಯೋಚನೆ ಮಾಡಲೇ ಇಲ್ಲ, ಬೋರ್ಡಿಗೆ ಎರಡು ಸಲ ತಟ್ಟಿದೆ.

ಎಲ್ಲ ಬೆರಳೂ ತುಟಿಗೆ. ಆದರೆ ಒಬ್ಬರೂ ನನ್ನನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಗೋಡೆಯ ಮೇಲೆ.

ವಕೀಲೆ ಎದ್ದು ನಿಂತಳು. ಮುಖ ಅರಳಿತ್ತು. "ದೊಡ್ಡ ಮಿಸ್ ವಾಪಸ್ ಬಂದ್ರಾ ಮಿಸ್?"

"ಇಲ್ಲ ಪುಟ್ಟ. ನಾನೇ ತಟ್ಟಿದ್ದು."

ವಾದ ಶುರು ಮಾಡಿದಳು.

"ನೀವು ಯಾಕೆ ತಟ್ತೀರಾ ಮಿಸ್? ನಿಮ್ಮ ಗಂಟಲಲ್ಲಿ ಗಾಯ ಇಲ್ವಲ್ಲ."

"ಗಾಯದ ವಿಷ್ಯ ನಿನಗೆ ಯಾರು ಹೇಳಿದ್ರು?"

"ನಮಗೆ ಒಂದನೇ ಕ್ಲಾಸಿಂದ್ಲೇ ಗೊತ್ತು, ಸೆರಗು ಸರಿದಾಗ ಕಂಡಿತ್ತು. ಗೊತ್ತಾದ್ರೆ ದೊಡ್ಡ ಮಿಸ್‌ನ ಕಳಿಸಿಬಿಡ್ತಾರೆ ಅಂತ ಯಾರಿಗೂ ಹೇಳಬಾರದು ಅಂತ ನಾವೇ ಮಾತಾಡ್ಕೊಂಡಿದ್ವಿ. ಮನೇಲೂ ಹೇಳಿಲ್ಲ ಮಿಸ್, ಒಬ್ರೂ."

ಇಡೀ ಒಂದು ವರ್ಷ. ಸಾಲಲ್ಲಿ ನಿಲ್ಲಲು ಬಾರದ ಮಕ್ಕಳು, ಬಾಟಲಿಯ ಮುಚ್ಚಳ ಹಾಕಲು ಬಾರದ ಮಕ್ಕಳು... ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ನಾನು ಬಂದು ಎರಡೇ ವಾರಕ್ಕೆ—