ಇಡ್ಲಿ ಪಾತ್ರೆಯ ಮೇಲೆ ನನ್ನ ಹೆಸರು

ಚಿತ್ರದುರ್ಗ
೩೦ ಫೆಬ್ರವರಿ ೨೧೮೯

ತಾಳಿ ಕಟ್ಟದೆ ಒಂದೇ ಸೂರಿನಡಿ ಸಂಸಾರ ಹೂಡಿರುವ, ಮುಂದೆ ನಮ್ಮ ಮುತ್ತಾತ-ಮುತ್ತಜ್ಜಿಯರಾಗಲಿರುವ ಹಿರಿಯರ ಪಾದಗಳಿಗೆ ಓಬಳೇಶನ ಸಾಷ್ಟಾಂಗ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಯಲ್ಲಿ ಬಡ್ಡಿ ಖೋತಾ ಆಗುತ್ತದೆಂದು ಸಾಲದ ಕಂಪನಿಗಳು ಗೋಳಾಡಿದ್ದರಿಂದ ನಮ್ಮ ಸರ್ಕಾರ ಆ ತಿಂಗಳಿಗೂ ಮೂವತ್ತು ದಿನ ದಯಪಾಲಿಸಿದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮೆಯಿರಲಿ. ಅಳುತ್ತಾ ಬರೆದ ಕಾಗದವಿದು. ಅಲ್ಲಲ್ಲಿ ನಗು ಬಂದರೆ ನಕ್ಕುಬಿಡಿ, ನನಗೇನೂ ಬೇಜಾರಿಲ್ಲ.

ನಾನು ದಿವಾಳಿಯಾಗಿದ್ದೇನೆ. ನಮ್ಮ ಕಾಲದ ಬಿಸಿಲಿಗೆ ಯಾರೂ ಕೈಯಲ್ಲಿ ಕೊಡೆ ಹಿಡಿಯುವುದಿಲ್ಲ; ಹಾರುಗೊಡೆ ಎಂಬುದು ತಲೆಯ ಮೇಲೆ ತಾನೇ ತೇಲುತ್ತಾ, ಬಾಡಿಗೆ ಕೊಟ್ಟವರ ಜೊತೆ ಸಾಕಿದ ನಾಯಿಯಂತೆ ಬರುತ್ತದೆ. ಸಾಲ ತಂದು ಹಾರುಗೊಡೆಗಳ ಅಂಗಡಿ ಇಟ್ಟೆ. ದುರ್ಗದ ಗಾಳಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಷಾಢ ಬಂದದ್ದೇ ತಡ, ಅಷ್ಟೂ ಕೊಡೆಗಳು ಗುಂಪು ಕಟ್ಟಿಕೊಂಡು ಆಂಧ್ರಕ್ಕೆ ಹೋದವು. ಅಲ್ಲೇ ನೆಲೆಸಿವೆ ಎಂದು ಕೇಳಿದ್ದೇನೆ.

ಹೀಗಾದವರು ಹೋಗುವ ಜಾಗಕ್ಕೆ ನಮ್ಮಲ್ಲಿ ಕೈಯೆತ್ತುವ ಕಚೇರಿ ಎನ್ನುತ್ತಾರೆ. ಅಲ್ಲಿ ನಿಜವಾಗಿಯೇ ಎರಡೂ ಕೈ ಎತ್ತಿ ನಿಲ್ಲಬೇಕು. ನಾನೂ ಹೋಗಿ ನಿಂತೆ. ಎತ್ತಿದವನ ಸಾಲ ಮನ್ನಾ. ಬದಲಿಗೆ ಅವನದೆಂಬುದೆಲ್ಲ ಜಪ್ತಿ. ಕಟ್ಟಿಕೊಂಡ ಹೆಂಡತಿಯಿದ್ದರೆ ಅವಳ ಪಾತ್ರೆಪಡಗವನ್ನು ಯಾರೂ ಮುಟ್ಟುವಂತಿಲ್ಲ. ಕೂಡುಬಾಳಿನವರಿಗೆ, ಎಂದರೆ ನಿಮ್ಮ ಹಾಗೆ ಮದುವೆಯಾಗದೆ ಒಟ್ಟಿಗಿರುವ ನಮ್ಮಂಥವರಿಗೆ, ಕಾನೂನು ಬೇರೆ. ಪಾತ್ರೆಯ ಮೇಲೆ ಯಾರ ಹೆಸರು ಹೊಡೆಸಿದೆಯೋ ಪಾತ್ರೆ ಅವರದು. ಹಾಗಾದರೆ ಈಗಲೇ ಮದುವೆಯಾಗಿಬಿಡುತ್ತೇವೆ ಎಂದೆ. ಆಗಬಹುದಂತೆ. ಆದರೆ ಅರ್ಜಿ ಹಾಕಿದ ಮೇಲಿನ ಮದುವೆಗೆ ಊಟವುಂಟು, ಹಕ್ಕಿಲ್ಲ.

ಮನೆಯಲ್ಲಿ ಬೆಲೆಬಾಳುವ ವಸ್ತು ಒಂದೇ: ಬೊಮ್ಮಕ್ಕನ ಇಡ್ಲಿ ಪಾತ್ರೆ. ಬೊಮ್ಮಕ್ಕ ನನ್ನ ಜೊತೆ ಬಾಳುತ್ತಿರುವವಳು. ಬಸ್ ಸ್ಟ್ಯಾಂಡಿನ ಪಕ್ಕ ಅವಳ ಇಡ್ಲಿ ಅಂಗಡಿ. ನಮ್ಮಿಬ್ಬರ ಹೊಟ್ಟೆಪಾಡು ಆ ಪಾತ್ರೆಯ ಉಗಿಯ ಮೇಲೆ ನಡೆಯುತ್ತಿತ್ತು. ಅವಳೇ ದುಡಿದು ಅದನ್ನು ಕೊಂಡ ದಿನ, ಯಾರ ಹೆಸರು ಹೊಡೆಯಲಿ ಎಂದು ಅಂಗಡಿಯವನು ಕೇಳಿದಾಗ, ತಾಳಿಯೇ ಬೇಡವೆಂದಿದ್ದ ಈ ಹೆಂಗಸು ನಾಚಿಕೊಂಡು ನನ್ನ ಹೆಸರು ಹೊಡೆಸಿದಳು. "ತಾಳಿ ಆದ್ರೆ ನಾನು ಹೊರ್ಬೇಕು. ಇದನ್ನ ನೀನೇ ಹೊತ್ಕೊಂಡು ಬಾ" ಎಂದಳು. ಹೊತ್ತುಕೊಂಡು ಬಂದೆ.

ಜಪ್ತಿ ಮಾಡುವ ಅಮೀನ ಪಾಲಯ್ಯ ಅವಳ ಇಡ್ಲಿಯ ಕಾಯಂ ಗಿರಾಕಿ. ಜಪ್ತಿಯ ಹಿಂದಿನ ದಿನವೇ ಬಂದು ಗುಟ್ಟಾಗಿ ಹೇಳಿಹೋದ: "ಸಂತೇಲಿ ಹಳೇ ಪಾತ್ರೆ ತಗೊಂಡೆ, ಮೇಲಿರೋ ಹೆಸ್ರು ಯಾರ್ದೋ ಗೊತ್ತಿಲ್ಲ ಅಂದ್ಬಿಡಿ ತಾಯಿ. ನಾನು ಬರ್ಕೊಂಡು ಹೋಗ್ತೀನಿ." ನಾನು ಅವಳಿಗೆ ಮತ್ತೆ ಮತ್ತೆ ಬಾಯಿಪಾಠ ಮಾಡಿಸಿದೆ. "ನೀನು ಯಾರೋ ಗೊತ್ತಿಲ್ಲ ಅನ್ನಕ್ಕೂ ಅಭ್ಯಾಸ ಬೇಕೇನೋ, ಕೆಲ್ಸಕ್ಕೆ ಬಾರ್ದೋನೆ?" ಎಂದು ಬೈದಳು. ನನಗೆ ಧೈರ್ಯ ಬಂತು.

ನಿನ್ನೆ ಪಾಲಯ್ಯ ಸಾಕ್ಷಿಗೆಂದು ಪಂಚರನ್ನು ಕರೆದುಕೊಂಡು ಬಂದ. ಪಾತ್ರೆ ತಿರುಗಿಸಿ ಹೆಸರು ಓದಿದ. ಅವಳಿಗೆ ಸುಲಭವಾಗಲೆಂದು ತಾನೇ ಮಾತು ಎತ್ತಿಕೊಟ್ಟ: "ಯಾವನೋ ಕೆಲ್ಸಕ್ಕೆ ಬಾರ್ದೋನ ಹೆಸ್ರಿರ್ಬೇಕು, ಅಲ್ವಾ ತಾಯಿ?"

ಹೂಂ ಅಂದಿದ್ದರೆ ಸಾಕಿತ್ತು. ದಿನ ಬೆಳಗಾದರೆ ಅದೇ ಮಾತಿನಲ್ಲಿ ನನ್ನನ್ನು ಎಬ್ಬಿಸುವವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ಯಾವನೋ ಅಂದ್ರೆ? ನೆಟ್ಟಗೆ ಮಾತಾಡಿ ಸಾರ್. ಅವ್ರು ನಮ್ಮೋರು."

ಪಂಚರು ಬರೆದುಕೊಂಡರು. ಪಾಲಯ್ಯ ಹಣೆ ಚಚ್ಚಿಕೊಂಡ. ಪಾತ್ರೆ ಗಾಡಿ ಹತ್ತಿತು.

ಆದ್ದರಿಂದ ಹಿರಿಯರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ. ಈ ಕಾನೂನು ಬರುವ ಮೊದಲೇ ಎಚ್ಚೆತ್ತುಕೊಳ್ಳಿ. ಅವರವರ ಪಾತ್ರೆಗೆ ಅವರವರ ಹೆಸರನ್ನೇ ಹೊಡೆಸಿ. ಪ್ರೀತಿ ತಡೆಯಲಾಗದಷ್ಟು ಉಕ್ಕಿ ಬಂದರೆ ಸೌಟಿನ ಮೇಲೆ ಹೊಡೆಸಿ; ಸೌಟನ್ನು ಯಾವ ಅಮೀನನೂ ಜಪ್ತಿ ಮಾಡುವುದಿಲ್ಲ. ನಮ್ಮದು ಈಗ ಅದೊಂದೇ ಉಳಿದಿದೆ.

ನಿನ್ನೆ ರುಬ್ಬಿಟ್ಟ ಹಿಟ್ಟು ಇವತ್ತು ಉಬ್ಬಿ ಬಂದು ನಮ್ಮ ಮುಖ ನೋಡುತ್ತಿದೆ. ಬೇಯಿಸಲು ಪಾತ್ರೆಯಿಲ್ಲ. ಒಳಗಿಂದ ಕರೆಯುತ್ತಿದ್ದಾಳೆ. ಇಷ್ಟು ವರ್ಷ "ಲೋ ಓಬ್ಳೇಶ" ಎನ್ನುತ್ತಿದ್ದವಳು ನಿನ್ನೆಯಿಂದ "ರೀ" ಎನ್ನುತ್ತಿದ್ದಾಳೆ. ಪಾತ್ರೆ ಹೋದದ್ದನ್ನು ಹೇಗೋ ತಡೆದುಕೊಂಡೇನು ಸ್ವಾಮಿ, ಆ "ರೀ" ಕೇಳಿದಾಗಲೆಲ್ಲ ಕೈಕಾಲು ಆಡುತ್ತಿಲ್ಲ.

ನಿಮ್ಮ ಕಾಲದಲ್ಲಿ ಇನ್ನೂ ಹುಟ್ಟದೆ ಸುಖವಾಗಿರುವ,
ಓಬಳೇಶ