ಮೈಗೆ ತಾಗದ ಮೊಣಕೈ

ನವೆಂಬರ್ ೧೨, ಬುಧವಾರ

ಸೊಂಟ ಬಿದ್ದುಹೋಗಿದೆ. ಮಲಗೋಣ ಅಂದರೆ ಆ ಬಾಣಂತಿಯ ಮೊಣಕೈ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಹೆರಿಗೆಯಾಗಿ ಮೂರು ವಾರವಂತೆ. ಜ್ವರ, ನಡುಕ, ಮೈಕೈ ನೋವು ಅಂದಳು. ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿದ್ದರು. ಗಂಟಲು ನೋಡಿದೆ, ಬಟ್ಟೆಯ ಮೇಲೆಯೇ ಸ್ಟೆತಸ್ಕೋಪ್ ಇಟ್ಟೆ, ಫ್ಲೂ ಅಂತ ಮಾತ್ರೆ ಗೀಚಿ ಕಳಿಸಿದೆ. ಬಾಗಿಲಲ್ಲಿದ್ದ ನಮ್ಮ ಹಿರಿಯ ನರ್ಸ್ ಅವಳನ್ನು ತಡೆದು, ಎಲ್ಲಿ ನೋವು ಅಂತ ಕೇಳಿ, ವಾಪಸ್ ಕರೆತಂದರು.

"ಡಾಕ್ಟ್ರೇ, ಇವಳು ಎಡ ಮೊಣಕೈನ ಮೈಗೆ ತಾಗಿಸ್ತಾನೇ ಇಲ್ಲ, ನೋಡಿ. ಮಗೂನೂ ಬಲಗಡೆನೇ ಎತ್ಕೊಂಡಿದಾಳೆ."

ಪರದೆ ಎಳೆದು ನೋಡಿದೆ. ಎಡ ಮೊಲೆಯ ಹೊರಬದಿಯಿಂದ ತೊಟ್ಟಿನ ಕಡೆಗೆ ಕಿರಿದಾಗುತ್ತಾ ಬಂದ ಕೆಂಪು. ಚರ್ಮ ಬಿಗಿದು ಮಿನುಗುತ್ತಿತ್ತು. ಕೈಯ ಹಿಂಬದಿ ತಾಗಿಸಿದರೆ ಸುಡುತ್ತಿತ್ತು. ಅಡಿಯಲ್ಲಿ ಗಟ್ಟಿ ಗಡ್ಡೆ, ತೊಟ್ಟಿನಲ್ಲಿ ಬಿರುಕು. ಫ್ಲೂ ಅಲ್ಲ, ಮೊಲೆಯ ಸೋಂಕು. ಸದ್ಯ, ಕೀವು ಕಟ್ಟಿರಲಿಲ್ಲ.

"ಮೊದಲೇ ಯಾಕೆ ಹೇಳಲಿಲ್ಲ?" ಅಂತ ರೇಗಿದೆ. ತಪ್ಪು ನನ್ನದು, ಹಾರಾಡಿದ್ದು ಅವಳ ಮೇಲೆ.

"ಎಲ್ರಿಗೂ ಹೀಗೇ ನೋಯುತ್ತೆ ಅಂದ್ಕೊಂಡೆ. ಹಾಲು ಕೆಟ್ಟಿದೆ ಅಂತ ಅತ್ತೆ ಆ ಕಡೆ ಕುಡಿಸೋದು ಬಿಡಿಸಿದ್ರು."

ಹಾಲು ಕೆಟ್ಟಿಲ್ಲ, ಆ ಕಡೆಯೂ ಕುಡಿಸು, ಕಟ್ಟಿಕೊಂಡರೇ ತೊಂದರೆ ಅಂದೆ. ಆಂಟಿಬಯಾಟಿಕ್ ಬರೆದು, ಎರಡು ದಿನ ಬಿಟ್ಟು ಬಾ ಅಂದೆ. ಕಣ್ಣೊರೆಸಿಕೊಂಡಳು.

ಈಗ ನೆನಪಾಗುತ್ತಿದೆ. ಒಳಗೆ ಬಂದವಳಿಗೆ ನಾನು ಮೊದಲು ಕೇಳಿದ್ದು ಮಗು ಚೆನ್ನಾಗಿ ಕುಡೀತಿದೆಯಾ ಅಂತ. ಆಮೇಲೆ ಕೇಳಿದ್ದು ಮಗು ನಿದ್ದೆ ಮಾಡುತ್ತಾ ಅಂತ. ಎರಡಕ್ಕೂ ಹೂಂ ಅಂದಳು. ನಿನಗೆ ಎಲ್ಲಿ ನೋವು ಅಂತ ಕೇಳಿದ್ದು ನರ್ಸ್. ನಾನು ಕೇಳಲೇ ಇಲ್ಲ.